ಮೀನಿಗೆ ‘ದಾಸ್ತಾನು’ ಅನ್ನಬಹುದಾ?

ಗೆಳೆಯರೇ, ನಮಸ್ಕಾರ.

ಕಡಲ ಮೀನುಗಾರಿಕೆಗೆ ಮಿತಿ ಹಾಕಬೇಕೇ ಬೇಡವೇ ಅನ್ನುವ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ದಿನದಿಂದ ಒಂದೇ ಪದಕ್ಕೆ ತಡೆದು ನಿಂತಿದ್ದೇನೆ: ‘ಫಿಶ್ ಸ್ಟಾಕ್’, ಅಂದರೆ ಕಡಲಿನ ಒಂದು ಭಾಗದಲ್ಲಿರುವ ಒಂದೇ ಜಾತಿಯ ಮೀನುಗಳ ಗುಂಪು. ಮೊದಲು ಹೆಚ್ಚು ಯೋಚಿಸದೆ ‘ಮೀನಿನ ದಾಸ್ತಾನು’ ಅಂತ ಬರೆದೆ. ಆಮೇಲೆ ಓದಿ ನೋಡಿದರೆ ಬರಹದ ಅರ್ಥವೇ ದಾರಿ ತಪ್ಪಿತ್ತು.

ದಾಸ್ತಾನು ಅಂದ ಕೂಡಲೇ ಕಣ್ಣ ಮುಂದೆ ಬರುವುದು ಗೋದಾಮು. ಮೂಟೆ ಪೇರಿಸಿಟ್ಟಿರುತ್ತಾರೆ. ಹತ್ತು ತೆಗೆದರೆ ಹತ್ತು ಕಮ್ಮಿ. ತೆಗೆಯದಿದ್ದರೆ ಇದ್ದಷ್ಟೇ ಇರುತ್ತದೆ. ಕಡಲಿನ ಮೀನು ಹಾಗಲ್ಲ ಅಲ್ವಾ? ಬಿಟ್ಟರೆ ಬೆಳೆಯುತ್ತದೆ, ಮೊಟ್ಟೆ ಇಡುತ್ತದೆ, ಮರಿಯಾಗುತ್ತದೆ. ಉತ್ತರ ಅಟ್ಲಾಂಟಿಕ್‌ನ ತಣ್ಣನೆಯ ನೀರಿನಲ್ಲಿರುವ ಕಾಡ್ (cod) ಅನ್ನುವ ಮೀನನ್ನೇ ನೋಡಿ: ದೊಡ್ಡದೊಂದು ಹೆಣ್ಣು ಕಾಡ್ ಒಂದು ಸಲದ ಸಂತಾನದ ಕಾಲದಲ್ಲೇ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಮೀನಿನ ತೂಕ ಎರಡು ಪಟ್ಟಾದರೆ ಮೊಟ್ಟೆ ಎರಡು ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಅಂಥ ತಾಯಿ ಮೀನುಗಳನ್ನೇ ಆರಿಸಿ ಹಿಡಿಯುವುದು ಬಿತ್ತನೆಗೆ ಇಟ್ಟ ಕಾಳನ್ನು ಉಂಡ ಹಾಗೆ. ಮಿತಿ ಬೇಕು ಅನ್ನುವವರ ವಾದದ ತಿರುಳೇ ಇದು. ‘ದಾಸ್ತಾನು’ ಆ ತಿರುಳನ್ನು ಮುಚ್ಚಿಬಿಡುತ್ತದೆ. ಹಿಡಿಯದೆ ಬಿಟ್ಟ ಮೀನು ಸುಮ್ನೆ ಕೊಳೆಯುತ್ತಿದೆ ಅನ್ನಿಸುತ್ತದೆ.

ಇನ್ನೊಂದು ಮಾತು. ದಾಸ್ತಾನನ್ನು ಬಾಗಿಲು ತೆಗೆದು ಎಣಿಸಬಹುದು. ಕಡಲಲ್ಲಿ ಎಣಿಸುವುದು ಹೇಗೆ? ಮೀನಿನ ತಲೆಯೊಳಗೆ ಕಾಳಿನಂಥ ಒಂದು ಪುಟ್ಟ ಬಿಳಿ ಕಲ್ಲು ಇರುತ್ತದೆ, ಕಿವಿಯ ಕಲ್ಲು. ಅದನ್ನು ಅಡ್ಡಕ್ಕೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರದ ಕಾಂಡದಲ್ಲಿ ಇರುವ ಹಾಗೆ ಬಳೆಗಳು ಕಾಣುತ್ತವೆ. ಕಾಡ್‌ನಂಥ ಮೀನಿನಲ್ಲಿ ವರ್ಷಕ್ಕೊಂದು ಬಳೆ. ಬಲೆಗೆ ಬಿದ್ದವುಗಳಲ್ಲಿ ಮೂರು ಬಳೆಯವು ಎಷ್ಟು, ಹತ್ತು ಬಳೆಯವು ಎಷ್ಟು ಅಂತ ಲೆಕ್ಕ ಇಡುತ್ತಾರೆ. ವಯಸ್ಸಾದ ಮೀನು ಸಿಗುವುದೇ ಕಮ್ಮಿಯಾಗುತ್ತಾ ಬಂದರೆ ಹುಷಾರಾಗಬೇಕು. ಇದೆಲ್ಲ ಅಂದಾಜು. ಗೋದಾಮಿನ ಪಟ್ಟಿಯ ಖಾತ್ರಿ ಇದಕ್ಕಿಲ್ಲ.

ಅಂದಾಜು ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಸಾಕ್ಷಿ. 1968ರಲ್ಲಿ ಅಲ್ಲಿ ಸುಮಾರು 8 ಲಕ್ಷ ಟನ್ ಕಾಡ್ ಹಿಡಿದಿದ್ದರು. 1977ರಲ್ಲಿ ಕೆನಡಾ ತನ್ನ ಕಡಲಿನ ಹಕ್ಕನ್ನು 200 ನಾಟಿಕಲ್ ಮೈಲಿವರೆಗೆ ಚಾಚಿತು, ಹೊರಗಿನ ಹಡಗುಗಳನ್ನು ಹಿಂದಕ್ಕೆ ಸರಿಸಿತು. ಆದರೆ ಆ ಜಾಗಕ್ಕೆ ತನ್ನದೇ ಟ್ರಾಲರ್‌ಗಳು, ಅಂದರೆ ದೊಡ್ಡ ಬಲೆಯನ್ನು ಎಳೆದುಕೊಂಡು ಹೋಗುವ ಹಡಗುಗಳು, ಬಂದವು. ಮೀನು ಕಮ್ಮಿಯಾದರೂ ಉಳಿದವು ಒಂದೆಡೆ ಸೇರುತ್ತಿದ್ದವು, ಟ್ರಾಲರ್‌ಗಳು ಹುಡುಕಿಕೊಂಡು ಅಲ್ಲಿಗೇ ಹೋಗುತ್ತಿದ್ದವು. ಬಲೆ ತುಂಬುತ್ತಿದೆ ಅಂದರೆ ಕಡಲೂ ತುಂಬಿದೆ ಅಂದುಕೊಂಡರು. 1992ರ ಜುಲೈ 2ರಂದು ಕಾಡ್ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಮಂದಿಯ ಕೆಲಸ ಹೋಯಿತು. ಎರಡು ವರ್ಷಕ್ಕೆ ಅಂತ ಹೇಳಿದ ಆ ತಡೆಯನ್ನು ತೆಗೆದದ್ದು 2024ರಲ್ಲಿ.

ಇದನ್ನು ಓದಿದ ಮೇಲೆ ನಾವು ದಿನಾ ಬರೆಯುವ ‘ಮೀನು ಉತ್ಪಾದನೆ ಹೆಚ್ಚಿದೆ’ ಅನ್ನುವ ಮಾತೂ ನನಗೆ ಚುಚ್ಚುತ್ತಿದೆ. ಕಡಲ ಮೀನನ್ನು ನಾವು ಉತ್ಪಾದಿಸುವುದಿಲ್ಲ, ಹಿಡಿಯುತ್ತೇವೆ. ‘ಹಿಡಿದದ್ದು ಹೆಚ್ಚಿದೆ’ ಅಂತ ಬರೆದರೆ, ಹಾಗಾದರೆ ಉಳಿದದ್ದೆಷ್ಟು ಅಂತ ಓದುಗರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆ ಅದೇ.

ಸರಿ, ದಾಸ್ತಾನು ಬೇಡ ಅಂದರೆ ಮತ್ತೇನು? ‘ಮತ್ಸ್ಯ ಸಂಪತ್ತು’ ಇದೆ, ಆದರೆ ಅದು ಕಡಲಲ್ಲಿ ಇರುವುದನ್ನೆಲ್ಲ ಒಟ್ಟಿಗೆ ಹೇಳುತ್ತದೆ. ‘ಹಿಂಡು’ ಅಂದರೆ ಕಣ್ಣೆದುರಿಗೆ ಒಟ್ಟಾಗಿ ಈಜುವುದು. ‘ಸಂತತಿ’ ಚೆನ್ನಾಗಿದೆ, ಜೀವ ಇದೆ. ಆದರೆ ಇಡೀ ಜಾತಿಯನ್ನೇ ಹೇಳಿದಂತೆ ಆಗುತ್ತದೆ. ಸ್ಟಾಕ್ ಅಂದರೆ ಒಂದು ಜಾತಿಯ ಮೀನಿನಲ್ಲಿ, ಕಡಲಿನ ಒಂದು ಭಾಗದಲ್ಲಿದ್ದು, ತಮ್ಮ ತಮ್ಮಲ್ಲೇ ಸಂತಾನ ಬೆಳೆಸಿಕೊಳ್ಳುವ ಗುಂಪು. ನ್ಯೂಫೌಂಡ್‌ಲ್ಯಾಂಡಿನ ಕಾಡ್ ಇನ್ನೂ ಎದ್ದು ನಿಂತಿರದ 2013ರಲ್ಲಿ, ನಾರ್ವೆ, ರಷ್ಯಾಗಳ ಉತ್ತರಕ್ಕಿರುವ ಬ್ಯಾರೆಂಟ್ಸ್ ಕಡಲಿನ ಕಾಡ್‌ಗೆ 10 ಲಕ್ಷ ಟನ್ ಹಿಡಿಯಲು ಒಪ್ಪಿಗೆ ಇತ್ತು. ಜಾತಿ ಒಂದೇ, ಗುಂಪು ಬೇರೆ. ‘ಕಾಡ್ ಸಂತತಿ ಅಳಿದಿದೆ’ ಅಂತ ಬರೆದರೆ ತಪ್ಪಾಗುತ್ತದೆ.

ನನಗೆ ಈಗ ಹಿಡಿಸಿರುವುದು ‘ಬಳಗ’. ಬಂಧು ಬಳಗದ ಬಳಗ. ಕ್ರಿಯಾಪದ ಹಚ್ಚಿ ನೋಡಿ: ಬಳಗ ಸೊರಗಿತು, ಬಳಗ ಚೇತರಿಸಿಕೊಂಡಿತು. ದಾಸ್ತಾನು ಚೇತರಿಸಿಕೊಂಡಿತು ಅಂತ ಯಾರಾದರೂ ಅನ್ನುತ್ತಾರಾ?

ಬಳಗ ಇಟ್ಟುಕೊಂಡರೆ ಇನ್ನೊಂದು ಗಂಟೂ ಬಿಡುತ್ತದೆ. ‘ಓವರ್‌ಫಿಶಿಂಗ್’, ‘ಓವರ್‌ಫಿಶ್ಡ್’ ಎರಡೂ ಒಂದೇ ಅಲ್ಲ. ಮೊದಲನೆಯದು ಈಗ ಹಿಡಿಯುತ್ತಿರುವ ವೇಗ, ಎರಡನೆಯದು ನೀರಲ್ಲಿ ಉಳಿದ ಸ್ಥಿತಿ. ಇವತ್ತೇ ಬಲೆ ಎತ್ತಿಟ್ಟರೂ ಸ್ಥಿತಿ ನಾಳೆಗೇ ಸರಿಹೋಗುವುದಿಲ್ಲ. ಮೊದಲನೆಯದಕ್ಕೆ ‘ಮಿತಿಮೀರಿ ಹಿಡಿಯುವುದು’, ಎರಡನೆಯದಕ್ಕೆ ‘ಸೊರಗಿದ ಬಳಗ’ ಅಂತ ಬರೆದಿದ್ದೇನೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಕಡಲ ಮೀನಿನ ಬಳಗಗಳಲ್ಲಿ 1974ರಲ್ಲಿ ಸೊರಗಿದವು ಶೇ. 10ರಷ್ಟಿದ್ದವು, 2021ಕ್ಕೆ ಶೇ. 37.7.

ಕೊನೆಯದಾಗಿ ‘ರಿಸ್ಟ್ರಿಕ್ಟ್’. ಇದಕ್ಕೆ ದಯವಿಟ್ಟು ‘ನಿಷೇಧ’ ಬೇಡ. ಬಲೆಯ ಕಣ್ಣು ದೊಡ್ಡದು ಮಾಡಿ ಮರಿಗಳನ್ನು ಬಿಡುವುದು, ಮೊಟ್ಟೆ ಇಡುವ ತಿಂಗಳಲ್ಲಿ ರಜೆ ಕೊಡುವುದು, ವರ್ಷಕ್ಕೆ ಇಷ್ಟೇ ಟನ್ ಅನ್ನುವುದು, ಇವೆಲ್ಲ ಮಿತಿಗಳು. ನಿಷೇಧ ಅಂತ ಓದಿದರೆ ಕಡಲನ್ನೇ ನಂಬಿದವರಿಗೆ ಹೊಟ್ಟೆಗೆ ಹೊಡೆದಂತೆ ಕೇಳುತ್ತದೆ. ಮಿತಿ ಬೇಕು ಅಂತಲೇ ನನ್ನ ಮನಸ್ಸು ಹೇಳುತ್ತದೆ. ಅದನ್ನು ಅವರ ಮುಂದೆ ನಿಂತು ಹೇಳುವಂಥ ಕನ್ನಡ ಬೇಕು.

ನಿಮ್ಮಲ್ಲಿ ಮೀನು ಹಿಡಿಯುವ ಮನೆಯವರು ಯಾರಾದರೂ ಇದ್ದರೆ ಹೇಳಿ: ‘ಈ ಕಡಲಿನ ಈ ಮೀನು’ ಅಂತ ಗುರುತಿಸಿ ಹೇಳಲು ಮನೆಮಾತಿನಲ್ಲಿ ಒಂದು ಪದ ಇದೆಯಾ? ಇದ್ದರೆ ನನ್ನ ‘ಬಳಗ’ವನ್ನು ಖುಷಿಯಿಂದ ಬಿಟ್ಟುಕೊಡುತ್ತೇನೆ.