ಶಿಕ್ಷಕರ ಡಿಸೈನ್ ತರಬೇತಿಗೆ ಮಳೆನೀರಿನ ಕೆಲಸ: ಪೈಪಿನ ಅಳತೆ ಸರಿಯಿದೆಯಾ?

ದುರ್ಗದ ಮೇಷ್ಟ್ರು:
ಚಿತ್ರದುರ್ಗದಲ್ಲಿ 24 ಪ್ರೌಢಶಾಲಾ ವಿಜ್ಞಾನ ಶಿಕ್ಷಕರಿಗೆ ಮೂರು ದಿನದ ಎಂಜಿನಿಯರಿಂಗ್ ಡಿಸೈನ್ ತರಬೇತಿ ಇದೆ. ಥರ್ಮಾಕೋಲ್ ಮಾಡೆಲ್ ಬೇಡ, ಊರಿಗೆ ಉಪಯೋಗಕ್ಕೆ ಬರೋ ಕೆಲಸ ಬೇಕು. ಒಂದು ಹಳ್ಳಿ ಶಾಲೆಯ 100 ಚದರ ಮೀಟರ್ ತಾರಸಿಯ ಮಳೆನೀರು ಹಿಡಿಯೋ ಯೋಚನೆ. ಮೊದಲ ಕೊಳೆನೀರು ಬೇರೆ ಮಾಡೋಕೆ 4 ಇಂಚಿನ ಪಿವಿಸಿ ಪೈಪು 3 ಮೀಟರ್ ನಿಲ್ಲಿಸಿದರೆ ಸಾಕಾ? ಜೊತೆಗೆ ಫ್ಲೋರೈಡ್ ಫಿಲ್ಟರ್ ಸೇರಿಸಬಹುದಾ?

ನೀರ್ಗಂಟಿ:
ಸಾಲಲ್ಲ ಸಾರ್. ಆ ಪೈಪು ಮೀಟರಿಗೆ ಸುಮಾರು 8 ಲೀಟರ್ ಹಿಡಿಯುತ್ತೆ, ಒಟ್ಟು 24. ಮೊದಲ 1 ಮಿ.ಮೀ. ಮಳೆ ಬಿಡಬೇಕಂದ್ರೂ 100 ಚದರ ಮೀಟರಿಗೆ 100 ಲೀಟರ್ ಆಯ್ತು. 200 ಲೀಟರಿನ ಡ್ರಮ್ ಇಡಿ. ಅದರ ಬಾಯಿ ಟ್ಯಾಂಕಿಗೆ ಹೋಗೋ ಪೈಪಿಗಿಂತ ಸ್ವಲ್ಪ ಮೇಲಿರಲಿ, ಕೆಳಗಿದ್ದರೆ ಡ್ರಮ್ಮಿನ ಮುಚ್ಚಳದಿಂದಲೇ ನೀರು ಉಕ್ಕುತ್ತೆ. ತಳಕ್ಕೆ ನಲ್ಲಿ ಹಾಕಿ, ಪ್ರತಿ ಮಳೆ ಆದ ಮೇಲೆ ಖಾಲಿ ಮಾಡಬೇಕು. ಬರೀ ಸಣ್ಣ ತೂತು ಬಿಟ್ಟರೆ ಎಲೆ, ಮಣ್ಣು ಕಟ್ಟಿ ಮುಚ್ಚಿಹೋಗುತ್ತೆ.

ಆದರೆ ಈ ಲೆಕ್ಕ ನೀವೇ ಹೇಳಿಬಿಡಬೇಡಿ! ನಿಮ್ಮ 3 ಮೀಟರ್ ಪೈಪಿನ ನಕ್ಷೆ ಕೊಟ್ಟು ತಪ್ಪು ಹುಡುಕೋಕೆ ಬಿಡಿ. 20 ಮಿ.ಮೀ. ಮಳೆಗೆ ಎಷ್ಟು ನೀರು ಅಂತಲೂ ಅವರೇ ಲೆಕ್ಕ ಹಾಕಲಿ: 100 × 20 × 0.8 (ಬಿದ್ದ ಮಳೆಯಲ್ಲಿ ಕೈಗೆ ಸಿಗೋ ಪಾಲು), ಅಂದ್ರೆ 1,600 ಲೀಟರ್. 1,000 ಲೀಟರಿನ ಟ್ಯಾಂಕಿಗೂ ಓವರ್‌ಫ್ಲೋ ಬೇಕು ಅನ್ನೋದು ಆಗ ತಾನಾಗೇ ಗೊತ್ತಾಗುತ್ತೆ.

ಫಿಲ್ಟರ್ ಬಿಟ್ಟುಬಿಡಿ. ಅದರೊಳಗೆ ಫ್ಲೋರೈಡ್ ಹೀರೋ ವಸ್ತು, ಆಕ್ಟಿವೇಟೆಡ್ ಅಲ್ಯೂಮಿನಾ, ತುಂಬಿಕೊಂಡ ಮೇಲೆ ಫ್ಲೋರೈಡ್ ಹಾಗೇ ದಾಟಿ ಬರುತ್ತೆ, ಬಣ್ಣ ರುಚಿಯಲ್ಲಿ ಗೊತ್ತಾಗಲ್ಲ. ಮಳೆನೀರಲ್ಲಿ ಫ್ಲೋರೈಡ್ ಇರೋದೇ ಅತ್ಯಲ್ಪ. ಕುಡಿಯೋಕಾದರೆ ಕುದಿಸಬೇಕು, ಅಷ್ಟೇ.

ಕರಡು ನಕ್ಷೆ:
ಅದಕ್ಕೂ ಮುಂಚಿನ ಮಾತು. ಶಾಲೆಗೆ ಬೇಕಿರೋದು ಮಳೆನೀರೇ ಅಂತ ಯಾರು ಹೇಳಿದ್ದು? ಮೊದಲ ದಿನ ಬಿಸಿಯೂಟದ ಅಡುಗೆಯವರನ್ನ, ಮಕ್ಕಳನ್ನ ಕೇಳಲಿ: ದಿನಕ್ಕೆ ಎಷ್ಟು ಕೊಡ, ಎಲ್ಲಿಂದ, ಯಾವುದಕ್ಕೆ. ಬೇಕಿರೋದು ರ‍್ಯಾಂಪ್ ಆಗಿರಬಹುದು. 30 ಸೆಂ.ಮೀ. ಎತ್ತರದ ಜಗಲಿಗೆ 1:12 ಇಳಿಜಾರಲ್ಲಿ 3.6 ಮೀಟರ್ ಉದ್ದ ಬೇಕು. ಜಾಗ ಇಲ್ಲ ಅಂತ ಒಂದೂವರೆ ಮೀಟರಿಗೆ ಮುಗಿಸಿದರೆ ಗಾಲಿಕುರ್ಚಿಯವರು ತಾವಾಗಿ ಹತ್ತಲಾರರು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಶುರುವಾದ ಎಪಿಕ್ಸ್ ಅನ್ನೋ ವಿದ್ಯಾರ್ಥಿಗಳ ಎಂಜಿನಿಯರಿಂಗ್ ಸೇವಾ ಕಾರ್ಯಕ್ರಮ ಕೂಡ ಹೀಗೇ, ಸಮುದಾಯದ ಬೇಡಿಕೆಯಿಂದಲೇ ಹೊರಡುತ್ತೆ.

ಸ್ಪಿರಿಟ್ ಲೆವೆಲ್:
ಪರೀಕ್ಷೆಗೆ ಮಳೆ ಕಾಯಬೇಡಿ, ದುರ್ಗದ ಮಳೆ ನಿಮ್ಮ ಟೈಮ್‌ಟೇಬಲ್ ನೋಡಿ ಬರಲ್ಲ. ಕೆಮ್ಮಣ್ಣು ಕಲಸಿದ ನೀರು 10 ಬಕೆಟ್ ತಾರಸಿಗೆ ಸುರಿದು, ಹಿಂದೆಯೇ ತಿಳಿನೀರು ಬಿಡಿ. ಟ್ಯಾಂಕಿಗೆ ಕೆಂಪು ಎಷ್ಟು ಬಂತು ನೋಡಿ. ಟ್ಯಾಂಕ್ ತುಂಬಿದರೆ ಒಂದು ಟನ್ ಭಾರ, ಒಣ ಇಟ್ಟಿಗೆ ಪೇರಿಸಿ ಕೂರಿಸಬೇಡಿ. ಡ್ರಮ್ಮಿನ ನಲ್ಲಿ ತಿರುಗಿಸೋರು ಯಾರು ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಬರೆಸಿಕೊಂಡೇ ಹೊರಡಿ.