ಗಿಡದ ಟ್ಯಾಂಕ್‌ಗೆ ದಿನಕ್ಕೆ ಎಷ್ಟು ಗಂಟೆ ಲೈಟ್? ಗೊತ್ತಿದ್ದವರು ಹೇಳಿ

ಕೇಳಿದವರು: ಕಾರವಾರ

ಮೀನಿನ ಜತೆ ಗಿಡ ಬೆಳೆಸುವ 2 ಅಡಿ ಟ್ಯಾಂಕ್, 60×30×30 ಸೆಂ.ಮೀ., 54 ಲೀಟರ್. ಮೇಲೆ 20 ವಾಟ್‌ನ 6500 ಕೆಲ್ವಿನ್ ಎಲ್‌ಇಡಿ, ನೀರಿನಿಂದ 5 ಸೆಂ.ಮೀ. ಎತ್ತರದಲ್ಲಿದೆ. ಸಿಓಟು (ಇಂಗಾಲದ ಡೈಆಕ್ಸೈಡ್) ಕೊಡುವ ಸಿಲಿಂಡರ್ ಇಲ್ಲ. ಗಿಡಗಳಲ್ಲಿ ಅನುಬಿಯಾಸ್, ಜಾವಾ ಮಾಸ್, ವ್ಯಾಲಿಸ್ನೇರಿಯಾ, ಹೈಗ್ರೊಫಿಲಾ, ಅಂಬುಲಿಯಾ ಇವೆ. ಲೈಟ್ ದಿನಕ್ಕೆ 10 ಗಂಟೆ ಉರಿಯುತ್ತದೆ, ಕೆಲವು ದಿನ 12 ಆಗುವುದೂ ಉಂಟು. ಅನುಬಿಯಾಸ್ ಎಲೆ ಮೇಲೆ ಉಜ್ಜಿದರೂ ಹೋಗದ ಹಸಿರು ಚುಕ್ಕಿ, ಮಾಸ್ ತುಂಬ ನೂಲಿನಂಥ ಪಾಚಿ, ಹೈಗ್ರೊಫಿಲಾದ ಹಳೇ ಎಲೆಗಳಲ್ಲಿ ಸಣ್ಣ ಸಣ್ಣ ತೂತು. 12 ಗಂಟೆ ಬೇಕೇ ಬೇಕು ಅನ್ನುವವರಿದ್ದಾರೆ, 5 ಸಾಕು ಅನ್ನುವವರೂ ಇದ್ದಾರೆ. ನಮ್ಮ ಕಡೆಯ ಸೆಖೆ, ಮಳೆಗಾಲದ ಕರೆಂಟ್ ಎಲ್ಲ ಲೆಕ್ಕ ಹಿಡಿದು ಹೇಳಿ.

ಕುಮಟಾ

ನಿಮ್ಮ ಟ್ಯಾಂಕ್‌ಗೆ ಸದ್ಯಕ್ಕೆ 6 ಗಂಟೆ. ಆದರೆ ಗಂಟೆ ಮಾತ್ರ ಇಳಿಸಿದರೆ ಅರ್ಧ ಕೆಲಸ ಮಾಡಿದ ಹಾಗೆ. ಲೈಟ್ ಎಷ್ಟು ಜೋರಿದೆ ಅನ್ನುವುದನ್ನು ಮೊದಲು ನೋಡಿ.

20 ವಾಟ್‌ನ ಒಳ್ಳೆ ಎಲ್‌ಇಡಿ ಹತ್ತಿರಹತ್ತಿರ 2000 ಲುಮೆನ್ (ಬೆಳಕಿನ ಅಳತೆ) ಕೊಡುತ್ತದೆ. 54 ಲೀಟರ್‌ಗೆ ಭಾಗಿಸಿದರೆ ಲೀಟರ್‌ಗೆ 37 ಲುಮೆನ್. ಒರಟು ಲೆಕ್ಕದಲ್ಲಿ 10ರಿಂದ 20 ಕಡಿಮೆ ಬೆಳಕು, 20ರಿಂದ 40 ಮಧ್ಯಮ, ಅದಕ್ಕಿಂತ ಮೇಲೆ ಜೋರು ಬೆಳಕು. ಸಿಲಿಂಡರ್ ಇಲ್ಲದ ಟ್ಯಾಂಕ್‌ಗೆ 15ರಿಂದ 20 ಇದ್ದರೆ ಸಾಕು. ನಿಮ್ಮಲ್ಲಿ ಹೆಚ್ಚುಕಮ್ಮಿ ಅದರ ದುಪ್ಪಟ್ಟಿದೆ. ಅದೂ 10 ಗಂಟೆ, ಅದೂ ನೀರಿಗೆ ತಾಗಿಕೊಂಡ ಹಾಗೆ.

ಬೆಳಕು ಹೆಚ್ಚಿದಷ್ಟೂ ಗಿಡ ಕಾರ್ಬನ್ ಕೇಳುತ್ತದೆ. ರಾತ್ರಿಯಿಡೀ ನೀರಿನಲ್ಲಿ ಕೂಡಿದ ಅಲ್ಪ ಸಿಓಟು ಲೈಟ್ ಹಾಕಿದ ಕೆಲವು ಗಂಟೆಗಳಲ್ಲೇ ಮುಗಿದುಹೋಗುತ್ತದೆ. ಆಮೇಲೆ ಉರಿಯುವ ಬೆಳಕಿನಿಂದ ಗಿಡಕ್ಕೆ ಪ್ರಯೋಜನ ಕಡಿಮೆ, ಪಾಚಿಗೆ ಹಬ್ಬ. ಪಾಚಿಗೆ ಬೇಕಾಗುವುದೇ ಬಹಳ ಕಡಿಮೆ.

ಇಳಿಸುವ ದಾರಿ ಇದು. ಡಿಮ್ಮರ್ ಇದ್ದರೆ 50 ಶೇಕಡಾಕ್ಕೆ ತನ್ನಿ. ಇಲ್ಲದಿದ್ದರೆ ಫಿಟ್ಟಿಂಗನ್ನು ನೀರಿನಿಂದ 20 ಸೆಂ.ಮೀ. ಮೇಲಕ್ಕೆ ಎತ್ತಿ. ಎತ್ತಲು ಜಾಗವಿಲ್ಲದಿದ್ದರೆ ಕಿಟಕಿಗೆ ಹೊಡೆಯುವ ಫೈಬರ್ ಸೊಳ್ಳೆಜಾಲರಿಯನ್ನು ಲೈಟಿನ ಅಳತೆಗೆ ಕತ್ತರಿಸಿ ಕೆಳಭಾಗಕ್ಕೆ ಒಂದು ಪದರ ಕಟ್ಟಿ. ಬಿಸಿ ಹೊರಹೋಗುವ ಮೇಲ್ಭಾಗವನ್ನು ಮಾತ್ರ ಮುಚ್ಚಬೇಡಿ. ಮೊಬೈಲಿನ ಲಕ್ಸ್ ಮೀಟರ್ ಆಪ್‌ನಿಂದ ಮೊದಲು ಮತ್ತು ಆಮೇಲೆ ಒಂದೇ ದೂರದಲ್ಲಿ ಅಳೆದರೆ ಎಷ್ಟು ಇಳಿಯಿತು ಎಂದು ತಿಳಿಯುತ್ತದೆ. ಆ ಅಂಕಿ ಹೋಲಿಸಿ ನೋಡುವುದಕ್ಕಷ್ಟೇ.

ಹಸಿರು ಚುಕ್ಕಿ ಬಿದ್ದ ಅನುಬಿಯಾಸ್ ಎಲೆ ಮತ್ತೆ ಸ್ವಚ್ಛ ಆಗುವುದಿಲ್ಲ, ಬುಡಕ್ಕೆ ಕತ್ತರಿಸಿ ತೆಗೆಯಿರಿ. ಆ ಗಿಡದ ಎಲೆ ತುಂಬ ನಿಧಾನವಾಗಿ ಬೆಳೆಯುತ್ತದೆ, ತಿಂಗಳುಗಟ್ಟಲೆ ಒಂದೇ ಎಲೆ ಬೆಳಕಿಗೆ ಒಡ್ಡಿಕೊಂಡಿರುತ್ತದೆ. ಕಟ್ಟಿಗೆಯ ನೆರಳಿಗೆ ಅದನ್ನು ಸರಿಸಿ.

ಅಂಕೋಲಾ

ಲೈಟ್ ಬಿಟ್ಟು ಬೇರೆ ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡಿದ್ದೀರಾ? ಈ ಕಡೆಯ ಮನೆಗಳಲ್ಲಿ ಹೆಚ್ಚಿನವರು ತಪ್ಪುವುದು ಅಲ್ಲೇ.

ಹಂಚಿನ ಮನೆಯಾದರೆ ಗಾಜಿನ ಹಂಚು ನೋಡಿ. ಬಿಸಿಲಿನ ಚೌಕ ನೆಲದ ಮೇಲೆ ಸರಿಯುತ್ತ ಹೋಗಿ ದಿನದಲ್ಲಿ ಯಾವಾಗಲೋ ಅರ್ಧ ಗಂಟೆ ಟ್ಯಾಂಕ್ ಮೇಲೆ ಕೂತಿರುತ್ತದೆ. ನೇರ ಬಿಸಿಲಿನ ಅರ್ಧ ಗಂಟೆ ಎಲ್‌ಇಡಿಯ ಅರ್ಧ ಗಂಟೆ ಅಲ್ಲ, ಹಲವು ಪಟ್ಟು ಜೋರು. ಟ್ಯಾಂಕಿನ ಒಂದು ಮೂಲೆಯ ಗಾಜಿಗೆ ಮಾತ್ರ ದಪ್ಪ ಹಸಿರು ಕೂರುತ್ತಿದ್ದರೆ ಬಿಸಿಲು ಆ ಕಡೆಯಿಂದಲೇ ಬರುತ್ತಿದೆ ಎಂದು ತಿಳಿಯಿರಿ.

ಕಾರವಾರದಲ್ಲಿ ಸಮುದ್ರದ ಕಡೆ ಮುಖ ಮಾಡಿದ ಕಿಟಕಿ ಪಶ್ಚಿಮಕ್ಕೆ ಇರುತ್ತದೆ. ಮಧ್ಯಾಹ್ನ 3ರಿಂದ ಸಂಜೆವರೆಗೆ ಬಿಸಿಲು ಅಡ್ಡವಾಗಿ ಒಳಗೇ ಬರುತ್ತದೆ. ದಕ್ಷಿಣದ ಕಿಟಕಿಯ ಕತೆ ಬೇರೆ. ಜೂನ್‌ನಲ್ಲಿ ನಡುಮಧ್ಯಾಹ್ನದ ಸೂರ್ಯ ನಮಗೆ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಇರುತ್ತಾನೆ, ದಕ್ಷಿಣದ ಕಿಟಕಿಯಲ್ಲಿ ಬಿಸಿಲೇ ಬೀಳುವುದಿಲ್ಲ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ಬಾಗಿ 52 ಡಿಗ್ರಿ ಎತ್ತರಕ್ಕೆ ಇಳಿಯುತ್ತಾನೆ, ಬಿಸಿಲು ಕೋಣೆಯೊಳಕ್ಕೆ ಚಾಚುತ್ತದೆ. ಮಳೆಗಾಲವೆಲ್ಲ ಚೆನ್ನಾಗಿದ್ದ ಟ್ಯಾಂಕ್ ದೀಪಾವಳಿ ಕಳೆದ ಮೇಲೆ ಏಕಾಏಕಿ ಹಸಿರಾಗುವುದಕ್ಕೆ ಇದು ಒಂದು ದೊಡ್ಡ ಕಾರಣ. ಲೈಟ್ ಗಂಟೆ ಇಳಿಸುತ್ತ ಕೂತರೆ ಏನೂ ಆಗದು. ಟ್ಯಾಂಕಿನ ಹಿಂಬದಿಗೆ ಮತ್ತು ಕಿಟಕಿ ಬದಿಗೆ ಕಪ್ಪು ಚಾರ್ಟ್ ಹಾಳೆ ಅಂಟಿಸಿ, ಪರದೆ ಎಳೆಯಿರಿ.

12 ಗಂಟೆ ಬೇಕು ಅನ್ನುವವರು ನಿಸರ್ಗದ ಹಗಲನ್ನು ತೋರಿಸುತ್ತಾರೆ. ಕಾರವಾರದ ಹಗಲು ಡಿಸೆಂಬರ್‌ನಲ್ಲಿ ಸುಮಾರು 11 ಗಂಟೆ 15 ನಿಮಿಷ, ಜೂನ್‌ನಲ್ಲಿ 13 ಗಂಟೆ, ಅದು ನಿಜ. ಆದರೆ ಬೆಳಗಿನ ಮತ್ತು ಸಂಜೆಯ ಬಿಸಿಲು ಎಳೆಯದು, ನೀರಿನೊಳಗೆ ಹೆಚ್ಚು ಇಳಿಯುವುದೂ ಇಲ್ಲ. ಎಲ್‌ಇಡಿ ಮೊದಲ ನಿಮಿಷದಿಂದ ಕೊನೆಯ ನಿಮಿಷದವರೆಗೂ ಒಂದೇ ಜೋರಿನಲ್ಲಿ ಉರಿಯುತ್ತದೆ.

ಶಿರಸಿ

ಅಂಬುಲಿಯಾ ಇದೆಯಲ್ಲ, ಸಮಯ ಸಾಕೋ ಬೇಕೋ ಎಂಬುದನ್ನು ಅದೇ ಹೇಳುತ್ತದೆ. ಲೈಟ್ ಹಾಕಿ 6–7 ಗಂಟೆ ಆದ ಮೇಲೆ ತುದಿ ನೋಡಿ. ಚಕ್ರದ ಹಾಗೆ ಹರಡಿಕೊಂಡಿದ್ದ ಸಣ್ಣ ಎಲೆಗಳು ಒಂದೊಂದಾಗಿ ಮೇಲಕ್ಕೆ ಮಡಚಿ, ತುದಿ ಕುಂಚದ ಥರ ಚೂಪಾಗುತ್ತದೆ. ಹೈಗ್ರೊಫಿಲಾದ ಮೇಲಿನ ಎರಡು ಜೋಡಿ ಎಲೆಯೂ ಹಾಗೇ ಮುಚ್ಚಿಕೊಳ್ಳುತ್ತವೆ. ಲೈಟ್ ಇನ್ನೂ ಉರಿಯುತ್ತಿರುವಾಗಲೇ ತುದಿ ಮುಚ್ಚಿದರೆ ಗಿಡಕ್ಕೆ ಅವತ್ತಿನ ಬೆಳಕು ಸಾಕಾಗಿದೆ. ಅಲ್ಲಿಂದ ಮುಂದಿನ ಗಂಟೆಗಳನ್ನು ಕಡಿಮೆ ಮಾಡಿ. ಲೈಟ್ ಆರುವವರೆಗೂ ಬಿಚ್ಚಿಕೊಂಡೇ ಇದ್ದು, ಕಾಂಡದ ಗೆಣ್ಣುಗಳ ನಡುವಿನ ಅಂತರ ಉದ್ದವಾಗುತ್ತ ಹೋಗಿ, ಕೆಳಗಿನ ಎಲೆ ಉದುರುತ್ತಿದ್ದರೆ ಬೆಳಕು ಕಡಿಮೆ ಬಿದ್ದಿದೆ. ಆಗ ವಾರಕ್ಕೆ ಅರ್ಧ ಗಂಟೆಯಂತೆ ಏರಿಸಿ. 8ಕ್ಕಿಂತ ಮೇಲೆ ಹೋಗುವ ಅಗತ್ಯ ನಿಮ್ಮ ಗಿಡಗಳಿಗಿಲ್ಲ.

ಹೈಗ್ರೊಫಿಲಾದ ತೂತು ಬೆಳಕಿನದ್ದಲ್ಲ, ಪೊಟ್ಯಾಸಿಯಂ ಸಾಲದ್ದು. ಇದಕ್ಕೆ ಅಕ್ವೇರಿಯಂ ಅಂಗಡಿಯ ಬಾಟಲಿಯೇ ಬೇಕು ಅಂತಿಲ್ಲ. ನಮ್ಮ ಕಡೆ ಗೊಬ್ಬರದಂಗಡಿಯಲ್ಲಿ ಸಿಗುವ ನೀರಿನಲ್ಲಿ ಕರಗುವ ಗೊಬ್ಬರ ಸಾಕು: 13-0-45, 0-52-34, 0-0-50 (ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾ). 13-0-45 ಎಂದರೆ ಪೊಟ್ಯಾಸಿಯಂ ನೈಟ್ರೇಟ್. 20 ಗ್ರಾಂ ಅನ್ನು 500 ಮಿ.ಲೀ. ನೀರಿಗೆ ಕರಗಿಸಿ ಇಟ್ಟರೆ 10 ಮಿ.ಲೀ. ದ್ರಾವಣ 50 ಲೀಟರ್ ಟ್ಯಾಂಕ್‌ಗೆ ಸುಮಾರು 4.5 ಪಿಪಿಎಂ (ಲೀಟರ್‌ಗೆ ಮಿ.ಗ್ರಾಂ) ನೈಟ್ರೇಟ್, 3 ಪಿಪಿಎಂ ಪೊಟ್ಯಾಸಿಯಂ ಕೊಡುತ್ತದೆ. ಸಿಓಟು ಇಲ್ಲದ ಟ್ಯಾಂಕ್‌ಗೆ ವಾರಕ್ಕೊಮ್ಮೆ ಅಷ್ಟು ಸಾಕು. ಪೊಟ್ಯಾಸಿಯಂ ಇನ್ನೂ ಬೇಕಾದರೆ 0-0-50, ಅಂದರೆ ಪೊಟ್ಯಾಸಿಯಂ ಸಲ್ಫೇಟ್, 1 ಗ್ರಾಂ ಹಾಕಿದರೆ 50 ಲೀಟರ್‌ಗೆ ಸುಮಾರು 8 ಪಿಪಿಎಂ. ಹಸಿರು ಚುಕ್ಕಿ ಪಾಚಿಗೆ ಜೋರು ಬೆಳಕಿನ ಜತೆ ಫಾಸ್ಫೇಟ್ ಕೊರತೆಯೂ ಕಾರಣ. 0-52-34ನ್ನು 0.1 ಗ್ರಾಂ ಹಾಕಿದರೆ 50 ಲೀಟರ್‌ಗೆ 1.4 ಪಿಪಿಎಂ ಫಾಸ್ಫೇಟ್ ಆಗುತ್ತದೆ, ಅದನ್ನೂ ವಾರಕ್ಕೊಮ್ಮೆ. ಇಷ್ಟು ಸಣ್ಣ ತೂಕ ಅಳೆಯಲು ಆಗದಿದ್ದರೆ 5 ಗ್ರಾಂ ಅನ್ನು 500 ಮಿ.ಲೀ. ನೀರಿಗೆ ಕರಗಿಸಿ 10 ಮಿ.ಲೀ. ಹಾಕಿ.

ತೋಟಕ್ಕೆ ತಂದ 19-19-19 ಮನೆಯಲ್ಲಿದೆ ಎಂದು ಅದನ್ನು ಟ್ಯಾಂಕ್‌ಗೆ ಹಾಕಬೇಡಿ. ಅದರಲ್ಲಿ ಯೂರಿಯಾ ಮತ್ತು ಅಮೋನಿಯಂ ಇದೆ. ಮೀನಿಗೆ ವಿಷ, ನೀರು ಹಸಿರಾಗುವುದಕ್ಕೂ ಅದೇ ಸಾಕು.

ಹೊನ್ನಾವರ

6 ಗಂಟೆ ಸರಿ. ಅದನ್ನು ಎರಡು ಹೊತ್ತಿಗೆ ಹಂಚಿ: ಬೆಳಗ್ಗೆ 7ರಿಂದ 10, ಮತ್ತೆ ಸಂಜೆ 6ರಿಂದ 9. ನಡುವೆ ಲೈಟ್ ಇಲ್ಲದ ಹೊತ್ತಿನಲ್ಲಿ ಮೀನಿನ ಉಸಿರಾಟದಿಂದ, ತಳದ ಮಣ್ಣಿನಿಂದ ಸಿಓಟು ಮತ್ತೆ ಸ್ವಲ್ಪ ಕೂಡುತ್ತದೆ. ಸಿಲಿಂಡರ್ ಇಲ್ಲದವರಿಗೆ ಇದರಿಂದ ಲಾಭವಿದೆ. ಏಪ್ರಿಲ್–ಮೇ ಸೆಖೆಗೂ ಒಳ್ಳೆಯದು, ನಡುಮಧ್ಯಾಹ್ನ ಕೋಣೆ ಕಾದಿರುವಾಗ ಲೈಟಿನ ಬಿಸಿ ಸೇರುವುದಿಲ್ಲ. ನೀರು 30 ಡಿಗ್ರಿ ದಾಟಿದರೆ ಸಿಓಟು, ಆಮ್ಲಜನಕ ಎರಡೂ ಕಡಿಮೆ ಕರಗುತ್ತವೆ. ನೀರಿನ ಮೇಲೆ ಫ್ಯಾನ್ ಬಿಟ್ಟರೆ ತಂಪಾಗುತ್ತದೆ ಎನ್ನುವುದು ನಿಜವೇ, ಆದರೆ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು, ನೀರು ಆರುವುದು ಕಡಿಮೆ. ಒಣ ಸೀಮೆಯಲ್ಲಿ ಸಿಗುವಷ್ಟು ತಂಪು ಇಲ್ಲಿ ಸಿಗದು.

ಕುಮಟಾ

ಹಂಚುವುದಕ್ಕೆ ಅಡ್ಡಿಯಿಲ್ಲ, ಆದರೆ ಅದರಿಂದ ಪಾಚಿ ಸಾಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಿಡುವು ಕೊಟ್ಟರೆ ಗಿಡಕ್ಕೆ ಸಹಾಯ, ಪಾಚಿಗೆ ತೊಂದರೆಯೇನಿಲ್ಲ. ಸಿಲಿಂಡರ್ ಇದ್ದವರು ಹಂಚಲೇಬಾರದು. ಸಿಓಟು ಲೈಟಿಗಿಂತ 2 ಗಂಟೆ ಮೊದಲು ಶುರುವಾಗಿ, ಲೈಟ್ ಆರುವ 1 ಗಂಟೆ ಮೊದಲು ನಿಲ್ಲಬೇಕು. ದಿನಕ್ಕೆ ಎರಡು ಸಲ ಏರಿಳಿತ ಮಾಡಿದರೆ ಕಪ್ಪು ಗಡ್ಡದ ಪಾಚಿ ಬರುತ್ತದೆ, ಅದಕ್ಕೆ ಏರಿಳಿತವೇ ಬೇಕು. 4 ಡಿಕೆಎಚ್ (ಕಾರ್ಬೊನೇಟ್ ಗಡಸುತನದ ಅಳತೆ) ದ್ರಾವಣದ ಡ್ರಾಪ್ ಚೆಕರ್, ಅಂದರೆ ಸಿಓಟು ಎಷ್ಟಿದೆ ಎಂದು ಬಣ್ಣದಲ್ಲಿ ತೋರಿಸುವ ಸಣ್ಣ ಸಾಧನ, ಲೈಟ್ ಹತ್ತುವ ಹೊತ್ತಿಗೆ ತಿಳಿಹಸಿರು ಇರಬೇಕು. ಅದು ಬಣ್ಣ ತೋರಿಸುವುದೇ ಒಂದೆರಡು ಗಂಟೆ ತಡವಾಗಿ ಎಂಬುದು ನೆನಪಿರಲಿ.

ಕಾರವಾರ, ಕೋಡಿಬಾಗದ ಕಡೆಯಿಂದ

ಕೈಯಲ್ಲಿ ಸ್ವಿಚ್ ಹಾಕುವುದನ್ನು ಇವತ್ತೇ ನಿಲ್ಲಿಸಿ. 10 ಆದ ದಿನ 10, 12 ಆದ ದಿನ 12 ಎಂದರೆ ಯಾವ ಲೆಕ್ಕವೂ ನಿಲ್ಲದು. ಟೈಮರ್ ಬೇಕು, ಯಾವ ಟೈಮರ್ ಎನ್ನುವುದೂ ಮುಖ್ಯ.

ಹಲ್ಲು ಒತ್ತಿ ಸಮಯ ಹೊಂದಿಸುವ ತಿರುಗುವ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ. 3 ಗಂಟೆ ಕರೆಂಟ್ ಇಲ್ಲದಿದ್ದರೆ ಗಡಿಯಾರ 3 ಗಂಟೆ ಹಿಂದೆ. ಆಷಾಢದ ಗಾಳಿಮಳೆಯಲ್ಲಿ ನಾಲ್ಕು ದಿನ ಹೀಗಾದರೆ ಲೈಟ್ ನಡುರಾತ್ರಿ ಉರಿಯುತ್ತದೆ, ಮನೆಯವರು ಮಲಗಿರುವುದರಿಂದ ಗೊತ್ತೂ ಆಗುವುದಿಲ್ಲ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತೆಗೆದುಕೊಳ್ಳಿ. ಸ್ಮಾರ್ಟ್ ಪ್ಲಗ್ ಆದರೆ ಕರೆಂಟ್ ಬಂದಾಗ ಯಾವ ಸ್ಥಿತಿಯಲ್ಲಿರಬೇಕು ಎಂಬ ಸೆಟ್ಟಿಂಗ್ ಆಪ್‌ನಲ್ಲಿದೆಯೇ ನೋಡಿ, ಅದನ್ನು ಆಫ್ ಎಂದಿಡಿ.

ಲೈಟಿನ ಹೊತ್ತಿನಲ್ಲಿ ಕರೆಂಟ್ ಹೋಯಿತೆಂದು ರಾತ್ರಿ ಹೆಚ್ಚು ಹೊತ್ತು ಉರಿಸಿ ಸರಿದೂಗಿಸಬೇಡಿ. ಒಂದು ದಿನ ಬೆಳಕು ತಪ್ಪಿದರೆ ಗಿಡಕ್ಕೆ ಏನೂ ಆಗುವುದಿಲ್ಲ. ಇನ್ವರ್ಟರ್‌ನಲ್ಲಿ ಉಳಿದ ಚಾರ್ಜ್ ಲೈಟಿಗೆ ಬೇಡ, ಏರ್ ಪಂಪ್‌ಗೆ ಕೊಡಿ. ಕತ್ತಲಲ್ಲಿ ಗಿಡವೂ ಆಮ್ಲಜನಕ ಎಳೆಯುತ್ತದೆ.

ಉಪ್ಪುಗಾಳಿಗೆ ಟೈಮರ್ ಪಿನ್ ಮೇಲೆ ಹಸಿರು ಕಿಲುಬು ಕಟ್ಟಿ ಸಂಪರ್ಕ ಸಡಿಲವಾಗುತ್ತದೆ, ಬಿಸಿಯಾಗುತ್ತದೆ. ಕೆಲವು ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಒಣಗಿದ ಸ್ಯಾಂಡ್‌ಪೇಪರಿನಿಂದ ಉಜ್ಜಿ. ವೈರ್ ಟ್ಯಾಂಕಿನಿಂದ ನೇರ ಸಾಕೆಟ್‌ಗೆ ಹೋಗದೆ ಸಾಕೆಟ್‌ಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಮೇಲೇರಬೇಕು, ಹನಿ ಅಲ್ಲೇ ತೊಟ್ಟಿಕ್ಕಿ ಬೀಳಲಿ. ಗಾಜಿನ ಮುಚ್ಚಳವನ್ನು ವಾರವಾರ ಒರೆಸಿ. ಬಿಳಿ ಕಲೆ ಕಟ್ಟಿದ ಮುಚ್ಚಳ ಬೆಳಕನ್ನು ತಡೆಯುತ್ತದೆ, ಒರೆಸಿದ ದಿನ ಗಿಡಕ್ಕೆ ಒಮ್ಮೆಗೇ ಜೋರು ಬೆಳಕು ಬೀಳುತ್ತದೆ.

ಯಲ್ಲಾಪುರ

ಗಿಡದ ಜಾತಿ ನೋಡಿ ಗಂಟೆ ಹೇಳಬೇಕು. ಘಟ್ಟದ ಹಳ್ಳದಂಚಿನ ಲ್ಯಾಗೆನಾಂಡ್ರಾ, ಕ್ರಿಪ್ಟೊಕೊರೈನ್ ಇವೆಲ್ಲ ಮರದ ನೆರಳಿನಲ್ಲಿ ಬೆಳೆಯುವಂಥವು. ಕಡಿಮೆ ಬೆಳಕು, 6–7 ಗಂಟೆ, ಅಷ್ಟರಲ್ಲಿ ಚೆನ್ನಾಗಿರುತ್ತವೆ. ಪಶ್ಚಿಮಘಟ್ಟದ್ದೇ ಆದ ರೊಟಾಲಾ ಮ್ಯಾಕ್ರಾಂಡ್ರಾ ಹಾಗಲ್ಲ. ಕೆಂಪು ಬರಬೇಕಾದರೆ ಜೋರು ಬೆಳಕೂ ಬೇಕು, ಸಿಲಿಂಡರೂ ಬೇಕು. ಗಂಟೆ 10ಕ್ಕೆ ಏರಿಸಿದರೆ ಕೆಂಪಾಗುತ್ತದೆ ಎನ್ನುವುದು ಸುಳ್ಳು. ಯಾವುದನ್ನೂ ಕಾಡಿನ ಹಳ್ಳದಿಂದ ಕಿತ್ತು ತರಬೇಡಿ, ನರ್ಸರಿಯದ್ದೇ ತನ್ನಿ.

ಬೆಳಕು ಇಳಿಸಲು ಇನ್ನೊಂದು ದಾರಿ ತೇಲುಗಿಡ. ಅಂತರಗಂಗೆ ಅಥವಾ ಸಾಲ್ವೀನಿಯಾ ನೀರಿನ ಮೇಲ್ಮೈಯ ಮೂರನೇ ಒಂದು ಭಾಗ ಮುಚ್ಚಿದರೆ ಸಾಕು. ಗಾಳಿಯಿಂದಲೇ ಸಿಓಟು ತೆಗೆದುಕೊಂಡು, ನೀರಿನ ಹೆಚ್ಚಿನ ಸಾರವನ್ನೂ ಎಳೆಯುತ್ತವೆ. ಹೆಚ್ಚಾದದ್ದನ್ನು ಗೊಬ್ಬರಗುಂಡಿಗೆ ಹಾಕಿ. ಗದ್ದೆ ಕಾಲುವೆಗೆ, ಕೆರೆಗೆ, ಹೊಳೆಗೆ ಎಸೆಯಲೇಬಾರದು. ಅಲ್ಲಿ ಹಬ್ಬಿದರೆ ನೀರನ್ನೇ ಮುಚ್ಚಿಬಿಡುತ್ತವೆ.

ಕೇಳಿದವರು: ಕಾರವಾರ

ಎಲ್ಲರಿಗೂ ಧನ್ಯವಾದ. ಇನ್ನೆರಡು: ನೂಲು ಪಾಚಿಗೆ ಮೂರು ದಿನ ಪೂರ್ತಿ ಕತ್ತಲು ಮಾಡಿದರೆ ಹೋಗುತ್ತದೆಯೇ? ಚೌತಿಗೆ ಒಂದು ವಾರ ಊರಿಗೆ ಹೋದರೆ ಲೈಟ್ ಏನು ಮಾಡಲಿ?

ಶಿರಸಿ

ಪೂರ್ತಿ ಕತ್ತಲು ಕೆಲಸ ಮಾಡುವುದು ಹಸಿರು ನೀರಿಗೆ ಮತ್ತು ಚಾಪೆಯಂತೆ ಹಬ್ಬುವ ನೀಲಿಹಸಿರು ಲೋಳೆಗೆ. ನೂಲು ಪಾಚಿ ಸೊರಗಿದಂತೆ ಕಂಡು ಮತ್ತೆ ಬರುತ್ತದೆ, ಅಷ್ಟರಲ್ಲಿ ಅಂಬುಲಿಯಾ ಸೋತಿರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ ಅನ್ನು ಮಾಸ್ ಒಳಗೆ ತಿರುಗಿಸಿ ನೂಲನ್ನು ಸುತ್ತಿ ತೆಗೆಯಿರಿ, ಆದ ಮೇಲೆ 30 ಶೇಕಡಾ ನೀರು ಬದಲಿಸಿ. ಲಿಕ್ವಿಡ್ ಕಾರ್ಬನ್ ಎಂದು ಮಾರುವುದನ್ನು ಹಾಕಬೇಡಿ. ಅದರಲ್ಲಿರುವ ಗ್ಲುಟರಾಲ್ಡಿಹೈಡ್‌ಗೆ ವ್ಯಾಲಿಸ್ನೇರಿಯಾ ಕರಗಿಹೋಗುತ್ತದೆ, ಮಾಸ್‌ಗೂ ಅದು ಆಗಿಬರುವುದಿಲ್ಲ.

ಬೆಳಕು, ಗೊಬ್ಬರ ಎರಡನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತು ತಿಳಿಯದು. ಮೊದಲು ಲೈಟ್ ಎತ್ತರ ಮತ್ತು 6 ಗಂಟೆ, ಎರಡು ವಾರ ಬಿಟ್ಟು ಗೊಬ್ಬರ. ಫಲ ನೋಡಬೇಕಾದದ್ದು ಹೊಸ ಎಲೆಯಲ್ಲಿ, ಹಳೆಯದರ ತೂತು ಮುಚ್ಚುವುದಿಲ್ಲ.

ಹೊನ್ನಾವರ

ಚೌತಿಗೆ ಹೋಗುವಾಗ ಟೈಮರ್ 5 ಗಂಟೆಗೆ ಇಳಿಸಿ. ಹೋಗುವ ಹಿಂದಿನ ದಿನ ನೀರು ಬದಲಿಸಿ, ಆದರೆ ಅವತ್ತು ಗೊಬ್ಬರ ಬೇಡ. ದೊಡ್ಡ ಮೀನು ಒಂದು ವಾರ ಉಪವಾಸ ಇರಬಲ್ಲದು, ಪಕ್ಕದ ಮನೆಯವರಿಗೆ ಡಬ್ಬಿ ಕೊಟ್ಟುಹೋದರೆ ಹೆಚ್ಚು ಹಾಕಿ ನೀರು ಕೆಡಿಸುವ ಸಂಭವವೇ ಜಾಸ್ತಿ. ಹಾಕಲೇಬೇಕಾದರೆ ಒಂದೊಂದು ಹೊತ್ತಿನದ್ದನ್ನು ಕಾಗದದಲ್ಲಿ ಬೇರೆಬೇರೆ ಕಟ್ಟಿಡಿ. ಫಿಲ್ಟರ್ ಮತ್ತು ಏರ್ ಪಂಪ್ ಟೈಮರ್ ಇಲ್ಲದ ಬೇರೆ ಸಾಕೆಟ್‌ನಲ್ಲಿರಲಿ.