ಮರು: ‘ಡಿಸ್ಅಸೆಂಬ್ಲಿ’ಗೆ ಕನ್ನಡದಲ್ಲಿ ಏನನ್ನೋಣ? (ಬೋರ್ಡ್ ನಾಳೆ ಪ್ರಿಂಟ್‌ಗೆ)

> ಪ್ರದರ್ಶನದ ಬೋರ್ಡ್ ನಾಳೆ ಬೆಳಿಗ್ಗೆ ಪ್ರಿಂಟ್‌ಗೆ ಹೋಗಬೇಕು. ಬಳಸಿ ಮುಗಿದ ವಸ್ತುವನ್ನು ಸುಲಭವಾಗಿ ಡಿಸ್ಅಸೆಂಬಲ್ ಮಾಡಲು (ಭಾಗ ಭಾಗವಾಗಿ ಬೇರೆ ಮಾಡಲು) ಆಗುವಂತೆ ಮೆಷಿನ್ ಲರ್ನಿಂಗ್ ನೆರವಿನಿಂದ ಡಿಸೈನ್ ಮಾಡುವುದು, ಇದಕ್ಕೊಂದು ಚಿಕ್ಕ ಹೆಸರು ಬೇಕು. ‘ವಿಘಟನೆ’ ಆಗಬಹುದಾ?

ವಿಘಟನೆ ಬೇಡವೇ ಬೇಡ. ಶಾಲೆಯ ಪಾಠ ನೆನಪಿರುವ ಯಾರಿಗೇ ಆದರೂ ಅದು ‘ಜೈವಿಕ ವಿಘಟನೆ’, ಎಲೆ ಕೊಳೆತು ಮಣ್ಣಾಗುವುದು. ಬೋರ್ಡ್ ನೋಡಿದವರು ಫೋನು ತಾನಾಗೇ ಮಣ್ಣಲ್ಲಿ ಕರಗುತ್ತದೆ ಅಂದುಕೊಳ್ಳುತ್ತಾರೆ. ಇಲ್ಲಿ ಬೇಕಿರುವುದು ಅದರ ಉಲ್ಟಾ. ಒಂದೊಂದು ಭಾಗವೂ ಹಾಳಾಗದೆ ಕೈಗೆ ಬರಬೇಕು.

> ಕಳಚಿಕೆ. ಅಚ್ಚಗನ್ನಡ. ಚರ್ಚೆ ಮುಗಿಯಿತು.

ಮುಗಿದಿಲ್ಲ. ‘ಬಳೆ ಕಳಚಿದಳು’ ಅನ್ನುತ್ತೇವೆ, ‘ಕೊಂಡಿ ಕಳಚಿತು’ ಅಂತಲೂ ಅನ್ನುತ್ತೇವೆ. ಬಿಚ್ಚು ಕೂಡ ಹಾಗೇ. ವಸ್ತು ತಾನಾಗಿ ಕಳಚಿಕೊಂಡರೆ ಅದು ದೋಷ. ನಾವು ಕೈ ಹಾಕಿದಾಗ ಮಾತ್ರ ಬಿಡಬೇಕು. ಈ ಇಡೀ ವಿದ್ಯೆ ನಿಂತಿರುವುದೇ ಆ ವ್ಯತ್ಯಾಸದ ಮೇಲೆ, ಅದನ್ನೇ ಅಳಿಸುವ ಹೆಸರು ಯಾಕೆ?

ನಾನು ಹಿಡಿಯುವುದು ‘ಬಿಡಿಸು’. ಇದರಲ್ಲಿ -ಇಸು ಇದೆ, ಹಾಗಾಗಿ ಮಾಡುವವರೊಬ್ಬರು ಇದ್ದೇ ಇರಬೇಕು. ಅಂಟು, ತಿರುಪು, ಕೊಕ್ಕೆ ಎಲ್ಲವೂ ಹಿಡಿದುಕೊಂಡಿರುವಂಥವು, ಅವು ಬಿಡುವಂತೆ ಮಾಡುವುದೇ ಬಿಡಿಸುವುದು ಅಲ್ವಾ? (‘ಬಿಡಿ’ಗೆ -ಇಸು ಸೇರಿ ಆದದ್ದು ಅಂತ ಮತ್ತೆ ಶುರು ಮಾಡಬೇಡಿ. ಮಾಡು, ಮಾಡಿಸು; ಬಿಡು, ಬಿಡಿಸು. ಅಷ್ಟೇ.) ಇನ್ನೊಂದು ಮಾತು, ನಾವು ಸಿಕ್ಕು ಬಿಡಿಸುತ್ತೇವೆ. ದಾರ ಕತ್ತರಿಸಿದರೆ ಸಿಕ್ಕು ಬಿಡಿಸಿದ ಹಾಗಾಗುವುದಿಲ್ಲ. ವಸ್ತುವನ್ನು ಪುಡಿ ಮಾಡುವುದಕ್ಕೂ ಬಿಡಿಸುವುದಕ್ಕೂ ಇರುವ ಅಂತರ ಆ ಮಾತಲ್ಲೇ ಇದೆ.

ಹೋದ ತಿಂಗಳು ಹಳೆಯ ಫೋನೊಂದನ್ನು ಬಿಡಿಸಲು ಕೂತಿದ್ದೆ. ಹಿಂಬದಿಗೆ ಬಿಸಿ ಕೊಟ್ಟು, ತೆಳ್ಳನೆ ಪ್ಲಾಸ್ಟಿಕ್ ತುಂಡು ತೂರಿಸಿ, ಅಂಟನ್ನು ಸ್ವಲ್ಪ ಸ್ವಲ್ಪವೇ ಸೀಳುತ್ತಾ ಹೋದೆ. ಬ್ಯಾಟರಿಯ ಕೆಳಗೆ ಎಳೆದು ತೆಗೆಯುವ ಬಿಳಿ ಪಟ್ಟಿ ಇತ್ತು, ಅರ್ಧಕ್ಕೇ ಪಟ್ ಅಂತ ಹರಿಯಿತು. ಆಮೇಲೆ ಮೀಟಿ ಎಬ್ಬಿಸುವಾಗ ಬ್ಯಾಟರಿ ಬಾಗಿತು, ಎದೆ ಝಲ್ ಅಂದಿತು, ಬಾಗಿದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು. ಆ ಅಂಟಿನ ಜಾಗದಲ್ಲಿ ಎರಡು ತಿರುಪು ಇಡುವ ತೀರ್ಮಾನ ನಕ್ಷೆ ಬರೆಯುವಾಗಲೇ ಆಗಬೇಕಿತ್ತು. ಮೆಷಿನ್ ಲರ್ನಿಂಗ್ ಬರುವುದು ಅಲ್ಲೇ. ಹಳೆಯ ನಕ್ಷೆಗಳನ್ನೂ ಆ ವಸ್ತುಗಳನ್ನು ಬಿಡಿಸಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದನ್ನೂ ನೋಡಿ ಕಲಿತ ಪ್ರೋಗ್ರಾಂ, ಹೊಸ ನಕ್ಷೆ ನೋಡಿ ಎಲ್ಲಿ ಕಷ್ಟವಾಗುತ್ತದೆ ಅಂತ ಮೊದಲೇ ಅಂದಾಜು ಹೇಳುತ್ತದೆ. ಯಾವ ಭಾಗ ಮೊದಲು ತೆಗೆಯಬೇಕು, ಯಾವುದು ಆಮೇಲೆ ಅನ್ನುವುದೂ ಇದೆ. ಬರೀ 10 ಭಾಗಗಳನ್ನು ಹೀಗೆ ಸಾಲು ಹಚ್ಚಲು 36,28,800 ದಾರಿಗಳಿವೆ. ಒಂದಕ್ಕೊಂದು ಅಡ್ಡ ಇರುವುದರಿಂದ ಅವುಗಳಲ್ಲಿ ತುಂಬಾ ದಾರಿಗಳು ನಡೆಯುವುದೇ ಇಲ್ಲ, ನಡೆಯುವುದರಲ್ಲಿ ಒಳ್ಳೆಯದನ್ನು ಹುಡುಕಬೇಕು. ಆ ಸಾಲಿಗೆ ‘ಬಿಡಿಸುವ ಸರದಿ’ ಅನ್ನಿ, ಸಾಕು.

> ‘ಚಿತ್ರ ಬಿಡಿಸು’ ಅಂತಾರಲ್ಲ? ‘ಬಿಡಿಸುವ ವಿನ್ಯಾಸ’ ಅಂದರೆ ರಂಗೋಲಿ ಅಂದುಕೊಳ್ಳುತ್ತಾರೆ.

ಇದು ನಿಜವಾದ ತೊಡಕು, ನನಗೆ ಹೊಳೆದಿರಲಿಲ್ಲ. ಹಾಗಾಗಿ ‘ಬಿಡಿಸು’ವನ್ನು ವಿನ್ಯಾಸದ ಪಕ್ಕ ಇಡಬೇಡಿ, ವಸ್ತುವಿನ ಪಕ್ಕ ಇಡಿ. ಹಾಗಂತ ‘ಬಿಡಿಸಬಲ್ಲ ವಸ್ತು’ ಅಂತಲೂ ಬರೆಯಬೇಡಿ, ಈಚೆಗೆ ಎಲ್ಲ ಕಡೆ ಇದೇ ತಪ್ಪು. ಬಲ್ಲದ್ದು ವಸ್ತುವಲ್ಲ, ಬಿಡಿಸುವವರು. ‘ಬಿಡಿಸಲು ಬರುವ ವಸ್ತು’ ಸರಿ.

> ಮೆಷಿನ್ ಲರ್ನಿಂಗ್ ಅನ್ನುವುದು ಗುಲಾಮಗಿರಿ. ಯಂತ್ರಕಲಿಕೆ ಅನ್ನಿ.
>> ಯಂತ್ರವೂ ಎರವಲೇ. ಅದಕ್ಕೆ ಅಚ್ಚಗನ್ನಡದಲ್ಲಿ ಬಿಣಿಗೆ. ಬಿಣಿಗೆ ಕಲಿಕೆ ಅನ್ನಿ.

ಇಬ್ಬರಿಗೂ ಒಂದೇ ಉತ್ತರ. ಬೋರ್ಡ್ ಮುಂದೆ ನಿಂತವರಿಗೆ ಅರ್ಧ ನಿಮಿಷವೂ ಇರುವುದಿಲ್ಲ. ‘ಬಿಣಿಗೆ’ಗೆ ಕೆಳಗೆ ಅರ್ಥ ಬರೆಯಬೇಕಾಗುತ್ತದೆ. ‘ಯಂತ್ರಕಲಿಕೆ’ ಬೇರೆ ಕಡೆ ನಾನೂ ಬಳಸುತ್ತೇನೆ, ಆದರೆ ತಿರುಪು, ಕೊಕ್ಕೆಗಳ ಚಿತ್ರದ ಪಕ್ಕದಲ್ಲಿ ಅದು ಯಂತ್ರ ರಿಪೇರಿ ಕಲಿಸುವ ತರಗತಿ ಅನ್ನಿಸುತ್ತದೆ. ಚಾವಿ, ಅಲಮಾರು ಪೋರ್ಚುಗೀಸಿನಿಂದ ಬಂದವು, ಅವುಗಳಿಂದ ಕನ್ನಡ ಬಡವಾಗಲಿಲ್ಲ. ಬದುಕಿರುವ ಕನ್ನಡ ಪದವನ್ನು ಸುಮ್ನೆ ಬಿಟ್ಟುಕೊಟ್ಟರೆ ನನಗೂ ಸಿಟ್ಟು ಬರುತ್ತದೆ. ‘ಬಿಡಿಸು’ ಬದುಕಿದೆ, ಅದಕ್ಕೇ ಇಷ್ಟು ಜಗಳ.

ಬೋರ್ಡ್‌ಗೆ ಇದನ್ನು ಹಾಕಿ: ‘ಬಿಡಿಸಲು ಬರುವ ವಸ್ತುಗಳು: ಮೆಷಿನ್ ಲರ್ನಿಂಗ್ ನೆರವಿನ ವಿನ್ಯಾಸ’.

ಕೆಳಗೆ ಯುರೋಪಿಯನ್ ಒಕ್ಕೂಟದ 2023ರ ಬ್ಯಾಟರಿ ನಿಯಮದ ಸಾಲು ಹಾಕುತ್ತೇನೆ ಅಂದಿದ್ದಿರಿ. ಅದರ ಪ್ರಕಾರ 2027ರ ಫೆಬ್ರವರಿ 18ರಿಂದ, ಕೆಲವು ವಿನಾಯಿತಿ ಬಿಟ್ಟರೆ, ಒಯ್ಯುವ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ಹೊರಗೆ ತೆಗೆಯಲು ಆಗಬೇಕು. ಅಲ್ಲಿ ‘ತೆಗೆ’ ಅಂತಲೇ ಇರಲಿ. ಬ್ಯಾಟರಿಯನ್ನು ತೆಗೆಯುತ್ತೇವೆ, ಫೋನನ್ನು ಬಿಡಿಸುತ್ತೇವೆ. ಮತ್ತೆ ಪ್ರಿಂಟ್‌ನವರಿಗೆ ಹೇಳಿ, ‘ಬಿಡಿಸಲು ಬರುವ’ ಒಂದೇ ಸಾಲಲ್ಲಿ ಬರಬೇಕು. ‘ಬರುವ ವಸ್ತುಗಳು’ ಕೆಳಗಿಳಿದರೆ ಹೊಸ ಮಾಲು ಬರುತ್ತಿದೆ ಅಂತ ಓದುತ್ತಾರೆ.